ತೂತು ಕೊರೆಯುವ ಮೇಜು

"ಇದಕ್ಕೂ ತೂತು!" ಗಂಡ ಬೋರ್ಡನ್ನು ಮೇಜಿನ ಮೇಲೆ ಕುಕ್ಕಿದ. "ಆ ಗುಜರಿಯವನು ನನಗೆ ಬೋರ್ಡ್ ಮಾರಿದನೋ ಜರಡಿ ಮಾರಿದನೋ!"

ಮನೆಯ ಮುಂದಿನ ಕೋಣೆಯೇ ಅವನ ರಿಪೇರಿ ಅಂಗಡಿ. ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದ ಹೆಂಡತಿ ಒರೆಸಿದ್ದನ್ನೇ ಮತ್ತೆ ಒರೆಸಿದಳು. ವಾರಕ್ಕೊಂದು ರಜೆ, ಈ ದಿನ ಹಾಸಿಗೆಬಟ್ಟೆ ನೆನೆಹಾಕಬೇಕು, ಮಗಳ ತಲೆಗೆ ಎಣ್ಣೆ ಹಚ್ಚಬೇಕು ಎಂದುಕೊಂಡಿದ್ದಳು. ಬೆಳಿಗ್ಗೆಯಿಂದ ಒಂದಕ್ಕೂ ಕೈ ಹೋಗಿರಲಿಲ್ಲ.

ಗಿರಾಕಿಯ ಸ್ಟೂಲಿನ ತುದಿಯಲ್ಲಿ ಎದುರು ಮನೆಯ ಹೊಲಿಗೆಯಕ್ಕ ಕೂತಿದ್ದಳು. ಅವಳ ಟ್ಯಾಬ್ಲೆಟ್ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅವಳ ಗಂಡ ಲಾರಿ ಓಡಿಸುತ್ತಿದ್ದವನು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಅವನಿಗಾಗಿ ಅವಳು ಮನೆಯ ಲೋಟ, ಕಿಟಕಿ, ಕಂಬಳಿ, ಕಕ್ಕಸಿನ ಬಾಗಿಲು ಎಲ್ಲದರ ಚಿತ್ರ ತೆಗೆದು ಟ್ಯಾಬ್ಲೆಟ್ಟಿಗೆ ಹಾಕಿದ್ದಳು. ಅವನು ಎಡಗೈ ಬೆರಳಿಂದ ಚಿತ್ರ ಮುಟ್ಟಿದರೆ ಯಂತ್ರ ಅದರ ಹೆಸರು ಹೇಳುತ್ತಿತ್ತು. ಈಗ ಯಂತ್ರಕ್ಕೂ ಬಾಯಿ ಕಟ್ಟಿತ್ತು.

"ಸರ್ವೀಸ್ ಸೆಂಟರ್‌ನಲ್ಲಿ ಏನಂದ್ರು?"

"ಬೋರ್ಡ್ ಸತ್ತಿದೆ, ಇದನ್ನ ಕೊಟ್ಟು ಹೊಸದು ತಗೊಳ್ಳಿ ಅಂದ್ರು ಅಣ್ಣ. ಒಳಗಿರೋ ಚಿತ್ರ ಬರುತ್ತಾ ಅಂದೆ. ಬರಲ್ಲ ಅಂದ್ರು. ಅದಕ್ಕೇ ಕೊಡದೆ ಎದ್ದು ಬಂದೆ."

"ಎಲ್ಲಿ ಸತ್ತಿದೆ? ಚಾರ್ಜಿನ ಚಿಪ್ಪೊಂದು ಸುಟ್ಟಿದೆ, ಅಷ್ಟೇ. ಅದೊಂದು ಸಿಕ್ಕಿದ್ರೆ ಮಧ್ಯಾಹ್ನಕ್ಕೆ ಮಾತಾಡಿಸ್ತಿದ್ದೆ."

ಸಿಗುತ್ತಿರಲಿಲ್ಲ. ರಿಪೇರಿ ಹಕ್ಕಿನ ಕಾನೂನು ಬಂದ ದಿನ ಅವನು ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿ, ಬೀದಿಗೆಲ್ಲ ಸಿಹಿ ಹಂಚಿದ್ದ. ಕಂಪನಿಯವರು ಇನ್ನು ಬಿಡಿಭಾಗಗಳನ್ನು ಹೊರಗಿನವರಿಗೂ ಮಾರಲೇಬೇಕು. ಮಾರಿದರು ನಿಜ. ಆದರೆ ಕಡಲೆಯಷ್ಟು ಚಿಪ್ಪು ಬೇಕೆಂದರೆ ಇಡೀ ಬೋರ್ಡನ್ನೇ ಕೊಳ್ಳಬೇಕು, ಅದರ ಬೆಲೆಗೆ ಹೊಸ ಯಂತ್ರವೇ ಬರುತ್ತದೆ. ಹಾಗಾಗಿ ಗುಜರಿಗೆ ಬಿದ್ದ ಹಳೆಯ ಬೋರ್ಡುಗಳಿಂದ ಚಿಪ್ಪು ಕಿತ್ತು ಹಾಕುವ ಹಳೆಯ ದಾರಿಯೇ ಗತಿಯಾಯಿತು. ಆಮೇಲೆ ಗುಜರಿಯ ಬೋರ್ಡುಗಳೂ ತೂತು ಬಿದ್ದು ಬರತೊಡಗಿದವು.

ಅವು ಎಲ್ಲಿಂದ ಬರುತ್ತವೆಂದು ಹೆಂಡತಿಗೆ ಗೊತ್ತಿತ್ತು. ಅವಳು ಕೆಲಸ ಮಾಡುತ್ತಿದ್ದದ್ದು ಅದೇ ಸರ್ವೀಸ್ ಸೆಂಟರಿನಲ್ಲಿ. ಮೊದಲು ಕೌಂಟರಿನಲ್ಲಿ ಟೋಕನ್ ಕೊಡುತ್ತಿದ್ದಳು. ಕಾನೂನು ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಹೊಸದೊಂದು ಮೇಜು ಬಂತು, ಮೇಜಿಗೆ ಬಿಗಿದ ಡ್ರಿಲ್ ಬಂತು, ಮೇಲೊಂದು ಕ್ಯಾಮೆರಾ ಬಂತು. ವಾಪಸಾದ ಬೋರ್ಡುಗಳನ್ನೆಲ್ಲ ಕೊರೆದೇ ಗುಜರಿಗೆ ಹಾಕಬೇಕು. ಮೊದಲು ಕೂತವರು ಎಲ್ಲೆಂದರಲ್ಲಿ ಕೊರೆದರು. ಬೋರ್ಡುಗಳು ಪೇಟೆಯಲ್ಲಿ ಮತ್ತೆ ಜೀವ ಪಡೆದವು. "ಬೋರ್ಡಿನ ಒಳಗು ಹೊರಗು ತಿಳಿದವರು ಯಾರಾದರೂ ಇದ್ದೀರಾ?" ಎಂದು ಮೇಲ್ವಿಚಾರಕ ಕೇಳಿದಾಗ ಅವಳು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದ್ದಳು. ಯಾಕೆ ಎತ್ತಿದಳೋ. ಕೌಂಟರಿನಲ್ಲಿ ದಿನವಿಡೀ ನಿಂತು ಕಾಲು ಬಾತುಕೊಳ್ಳುತ್ತಿತ್ತು, ಆ ಮೇಜಿಗೆ ಕುರ್ಚಿ ಇತ್ತು. ಅಲ್ಲದೆ ತನಗೊಂದು ವಿದ್ಯೆ ಗೊತ್ತಿದೆ ಎಂದು ಯಾರಿಗಾದರೂ ತೋರಿಸುವ ಆಸೆಯೂ ಇದ್ದಿರಬೇಕು. ಮನೆಯಲ್ಲಿ ಮಾತ್ರ ಕೌಂಟರಿನಲ್ಲೇ ಇದ್ದೇನೆ ಎಂದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ತಿಂಗಳುಗಳು ಕಳೆದಿದ್ದವು.

"ನೋಡಕ್ಕ, ಇಲ್ಲಿ ನೋಡು," ಗಂಡ ಬೋರ್ಡನ್ನು ಹೊಲಿಗೆಯಕ್ಕನ ಮೂಗಿನ ಹತ್ತಿರ ಹಿಡಿದ. "ದೊಡ್ಡ ಚಿಪ್ಪಿಗೂ ಚಾರ್ಜಿನ ಚಿಪ್ಪಿಗೂ ನಡುವಿನ ಸಂದಿಗೆ ಗುರಿಯಿಟ್ಟು ಡ್ರಿಲ್ ಇಳಿಸಿದಾನೆ. ಒಂದೇ ತೂತಿಗೆ ಎರಡೂ ಸಾಯಬೇಕು. ಇದು ಅಡ್ಡಾದಿಡ್ಡಿ ಕೆಲಸ ಅಲ್ಲ, ಕಲಿತವನ ಕೆಲಸ. ಅವನ ಕೈ ಬಿದ್ದುಹೋಗ!"

ಅಂದವನೇ ನಾಲಿಗೆ ಕಚ್ಚಿಕೊಂಡ. ಬೋರ್ಡು ಹಿಡಿದ ಕೈ ಹಾಗೇ ನಿಂತಿತು.

"ಹಂಗನ್ನಬೇಡಿ ಅಣ್ಣ," ಹೊಲಿಗೆಯಕ್ಕ ಸೆರಗಿಗೆ ಚುಚ್ಚಿದ್ದ ಸೂಜಿಯನ್ನು ಸುಮ್ಮನೆ ತೆಗೆದು ಮತ್ತೆ ಚುಚ್ಚಿಕೊಂಡಳು. "ಕೈ ಬಿದ್ದೋದ ಮನೆ ಹೆಂಗಿರುತ್ತೆ ಅಂತ ನನ್ನ ಕೇಳಿ. ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಹೊಟ್ಟೆಪಾಡಿಗೆ ಮಾಡ್ತಾನೆ."

"ತಪ್ಪಾಯ್ತಕ್ಕ. ಬಾಯಿ ಜಾರ್ತು."

"ಪಾಪ, ನಿಮಗೂ ಬೇಜಾರು. ಇದು ಇಲ್ಲೇ ಇರಲಿ, ಎಲ್ಲಾದ್ರೂ ಚಿಪ್ಪು ಸಿಕ್ಕಿದ್ರೆ ಹಾಕಿ." ಎದ್ದವಳು ಅಡುಗೆಮನೆಯ ಕಡೆ ತಿರುಗಿದಳು. "ಏನಕ್ಕ, ಆವಾಗಿಂದ ಅದೇ ಪಾತ್ರೆ ತಿಕ್ತಿದೀಯ? ತಳ ಸವೆದುಹೋದೀತು!" ನಗಲು ನೋಡಿದಳು, ನಗು ಬರಲಿಲ್ಲ. "ನಿನ್ನೆಯಿಂದ ನಮ್ಮನೆಯವರು ಮಂಚದ ಕಂಬಿ ಕುಟ್ತಾರೆ. ನೀರಾ ಅಂತೀನಿ, ಅಲ್ಲ. ಕಿಟಕಿಯಾ ಅಂತೀನಿ, ಅಲ್ಲ. ಕೊನೆಗೆ ಇಬ್ರೂ ಅಳ್ತೀವಿ. ಬರ್ತೀನಿ."

ಅವಳು ಬೀದಿ ದಾಟಿ ತನ್ನ ಮನೆಯ ಮೆಟ್ಟಿಲು ಹತ್ತುವವರೆಗೂ ಗಂಡ ಹೆಂಡಿರಿಬ್ಬರೂ ನೋಡಿದರು.

"ಆ ಮಹಾಶಯ ಒಂದು ಸಲ ನನ್ನ ಕೈಗೆ ಸಿಗಲಿ," ಅವನೆಂದ. ದನಿಯಲ್ಲಿ ಸಿಟ್ಟು ಇಳಿದು ಸುಸ್ತು ಉಳಿದಿತ್ತು. "ಬೈಯಲ್ಲ, ಹೊಡೆಯಲ್ಲ. ಇದನ್ನ ನಿನಗೆ ಕಲಿಸಿದ ಗುರು ಯಾರಪ್ಪಾ ಅಂತ ಕೇಳ್ತೀನಿ, ಅಷ್ಟೇ."

"ನೀವೇ."

"ಹೂಂ, ನಾನೇ," ಎಂದು ನಗುತ್ತ ಅವನು ಇನ್ನೊಂದು ಬೋರ್ಡಿಗೆ ಕೈ ಹಾಕಿದ. ಆಮೇಲೆ ಅವಳ ಮುಖ ನೋಡಿದ.

ಮದುವೆಯಾದ ಹೊಸತರಲ್ಲಿ ಇದೇ ಮೇಜಿನ ಮುಂದೆ ಅವಳ ತೋರುಬೆರಳನ್ನು ಹಿಡಿದು ಬೋರ್ಡಿನ ಮೇಲೆ ಆಡಿಸಿದ್ದವನು ಅವನು. ಇದು ಎದೆ, ಇದು ಹೊಟ್ಟೆ, ಇವೆರಡರ ನಡುವೆ ಇದೆಯಲ್ಲ, ಇಲ್ಲಿ ಮಾತ್ರ ಬಿಸಿ ತಾಗಿಸಬಾರದು, ಎರಡೂ ಹೋಗುತ್ತವೆ. ಬೆರಳು ಬಿಡಿಸಿಕೊಳ್ಳದೆ ಅವಳು ಅಷ್ಟನ್ನೂ ಕಲಿತಿದ್ದಳು.

"ಯಾವಾಗಿಂದ?"

"ಆ ಮೇಜು ಬಂದಾಗಿಂದ."

"ಕೌಂಟರ್ ಅಂತಿದ್ದೆ."

"ಹೂಂ. ಅಂತಿದ್ದೆ."

"ಇವಷ್ಟೂ ನೀನೇನಾ? ಬೇರೆ ಯಾರೂ ಇಲ್ವಾ?"

"ಎಲ್ಲಾ ನಾನೇ. ಬೇರೆಯವರು ಮಾಡಿದ್ರೆ ಅಂಚಿಗೆ ಹೋಗುತ್ತೆ ರೀ."

ಹೇಳಿ ಮುಗಿದ ಮೇಲೆ ಅದರಲ್ಲಿದ್ದ ಜಂಬ ಅವಳ ಕಿವಿಗೇ ಕೇಳಿಸಿತು. ಮುಖ ಸುಟ್ಟಂತಾಯಿತು. ಅವನು ಬಯ್ಯಬಹುದೆಂದು ಕಾದಳು. ಬೈದಿದ್ದರೆ ಸಂಬಳದ ಮಾತು, ಮಗಳ ಶಾಲೆಯ ಮಾತು, ತಿಂಗಳುಗಟ್ಟಲೆ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿಯಾದ ಉತ್ತರಗಳೆಲ್ಲ ಇದ್ದವು. ಅವನು ಬಯ್ಯಲಿಲ್ಲ. ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಿ, ಎದ್ದು ಹೋಗಿ ಬಾಗಿಲಿಗೆ ಒರಗಿ ಬೀದಿ ನೋಡುತ್ತ ನಿಂತ.

ಅವಳು ಪಾತ್ರೆ ಕೆಳಗಿಟ್ಟು ಬಂದು ಅವನ ಕುರ್ಚಿಯಲ್ಲಿ ಕೂತಳು. ಗುಜರಿಯಿಂದ ತಂದಿದ್ದ ಬೋರ್ಡುಗಳ ಚೀಲವನ್ನು ಬುಡಮೇಲು ಮಾಡಿದಳು. ಅವು ಮೇಜಿನ ತುಂಬ ಹರಡಿದವು.

"ಏನ್ಮಾಡ್ತಿದೀಯ?" ಅವನು ತಿರುಗದೆಯೇ ಕೇಳಿದ.

"ಯಾವತ್ತಾದ್ರೂ ಕೈ ತಪ್ಪಿರುತ್ತೆ, ಒಂದರಲ್ಲಾದ್ರೂ ಚಾರ್ಜಿನ ಚಿಪ್ಪು ಉಳಿದಿರುತ್ತೆ. ಮಗಳಿಗೆ ಜ್ವರ ಬಂದಿತ್ತಲ್ಲ, ನಿದ್ದೆಗೆಟ್ಟು ಹೋಗಿದ್ದೆ... ಡ್ರಿಲ್ ಮೊನೆ ಮೊಂಡಾಗಿದ್ದಾಗಲೂ ಒಂದೆರಡು..."

ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದಳು. ಇದು ನಡುವಿಗೇ ಬಿದ್ದಿದೆ. ಇದೂ ನಡುವಿಗೆ. ಇದರ ಅಂಚು ಉಗುರಿಗೂ ತಾಗದಷ್ಟು ನುಣುಪು. ಇದೂ ಸರಿಯಾಗಿದೆ. ಒಂದರ ಮೇಲೊಂದಿಟ್ಟರೆ ತೂತಿಗೆ ತೂತು ಕೂಡುತ್ತಿತ್ತು. ಕಣ್ಣು ತುಂಬಿ ಚಿಪ್ಪುಗಳು ಕಲಸಿಹೋದವು. ತೋಳಿನಿಂದ ಒರೆಸಿಕೊಂಡು ಮುಂದಿನದನ್ನು ಎತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಬಂದು ಗಿರಾಕಿಯ ಸ್ಟೂಲಿನ ಮೇಲೆ ಕೂತ. ಕೈ ಚಾಚಿ ಮೇಜಿನ ದೀಪದ ಕತ್ತನ್ನು ಅವಳ ಬೆರಳುಗಳ ಕಡೆಗೆ ಬಗ್ಗಿಸಿದ.