ಬಾಗಿಲಾಚೆಯ ಬ್ಯಾಂಜೊ

ನಮ್ಮಮ್ಮನ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಮೈಕು. ಬಲ್ಬಿನ ಕೊಕ್ಕೆಗೆ ದಾರ ಕಟ್ಟಿ ಅದನ್ನು ಮೇಜಿನ ಮೇಲೆ ತೂಗಿಬಿಟ್ಟಿದ್ದೆವು. ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡುವಾಗ ಮೆಲುದನಿಯವರು ಹತ್ತಿರ, ಜೋರಿನವರು ದೂರ. ಕೆಂಟಕಿಯ ಈ ಬೆಟ್ಟಗಳಲ್ಲಿ ಅದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಹಾಗಾಗಿ ಗೆಳೆಯ ಕೋಲ್ಟನ್ ಪಿಟೀಲು ಕೆಳಗಿಳಿಸಿ, "ಡೆಂಟನ್, ಬ್ಯಾಂಜೊ ಜೋರಾಯ್ತು ಕಣೋ, ಸ್ವಲ್ಪ ಹಿಂದೆ ಹೋಗು" ಅಂದಾಗ ನನಗೆ ಕೋಪ ಬರಲಿಲ್ಲ. ಹೆಮ್ಮೆಯೇ ಆಯಿತು. ಮರದ ಮಿಲ್ಲಿನಲ್ಲಿ ದಿಮ್ಮಿ ಹೊರಳಿಸುವ ಕೈ, ಜೋರಾಗದೆ ಇರುತ್ತದೆಯೇ?

ಎರಡನೇ ಸಲ ಒಲೆಯ ಹತ್ತಿರ ನಿಲ್ಲಿಸಿದರು. ಆಮೇಲೆ ಫ್ರಿಜ್ಜಿನ ಪಕ್ಕ; ಅದು ಗುಂಯ್‌ಗುಡದಿರಲೆಂದು ಮೊದಲೇ ವೈರು ಕಿತ್ತಿದ್ದೆವು. ಕೊನೆಗೆ ನಾನು ಬಾಗಿಲು ದಾಟಿ ಹೊರಗಿನ ಜಗುಲಿಯಲ್ಲಿದ್ದೆ, ನಾಯಿಯ ಜೊತೆ. ಇನ್ನೂ ಹಿಂದೆ ಹೋದರೆ ಪಕ್ಕದ ರಾಜ್ಯ ವರ್ಜೀನಿಯಾ ಬರುತ್ತದೆ ಎಂದು ನಾನೇ ಜೋಕು ಹೊಡೆದೆ. ಹಾಡುತ್ತಿದ್ದ ತೆಸ್ಸಾ ತನ್ನ ಗಿಟಾರಿನ ತಂತಿ ನೋಡುತ್ತಾ ನಿಂತಳು, ನಗಲಿಲ್ಲ.

ಈ ಹಾಡು ಅಮ್ಮನಿಗಾಗಿ. ತಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ, ಮಗ ಬ್ಯಾಂಜೊ ನುಡಿಸಿದ್ದನ್ನು ಭಾನುವಾರ ಎಲ್ಲರಿಗೂ ಕೇಳಿಸುತ್ತೇನೆಂದು ಅವಳು ಸಾರಿಕೊಂಡು ಬಂದಿದ್ದಳು. ನಾನು ಶಾಲೆ ಬಿಟ್ಟ ಮೇಲೆ ನನ್ನ ಬಗ್ಗೆ ಅವಳು ಹೊರಗೆ ಹೇಳಿಕೊಂಡ ಒಳ್ಳೆಯ ಸುದ್ದಿ ಇದೊಂದೇ.

ರೆಕಾರ್ಡ್ ಹಾಕಿ ಕೇಳಿದೆವು. ಪಿಟೀಲು ಚೆನ್ನಾಗಿತ್ತು, ತೆಸ್ಸಾಳ ದನಿ ಎದೆ ಹಿಂಡುವಂತಿತ್ತು. ನಾನು ಎಲ್ಲೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ತಗಡು ಕೆರೆದಂತೆ ಅಲ್ಲಲ್ಲಿ ಏನೋ ಕೇಳಿಸಿತು, ಅಷ್ಟೆ.

"ಬೇಕಂತಲೇ ಮಾಡಿದ್ರಾ?" ಎಂದೆ.

ಕೋಲ್ಟನ್ ಮೊದಲ ಸಲದ್ದನ್ನು ಹಾಕಿದ. ಅದರಲ್ಲಿ ನಾನು ಮೈಕಿನ ಹತ್ತಿರವೇ ಇದ್ದೆ. ಒಂದು ಚರಣ ಮುಗಿಯುವುದರೊಳಗೆ ನನ್ನ ಬ್ಯಾಂಜೊ ತಾಳ ಬಿಟ್ಟು ಓಡುತ್ತಿತ್ತು, ಕಟ್ಟು ಬಿಚ್ಚಿದ ದಿಮ್ಮಿ ಇಳಿಜಾರಿನಲ್ಲಿ ಉರುಳಿದ ಹಾಗೆ. ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ ತೆಸ್ಸಾ ಅದರ ಹಿಂದೆ ಓಡುತ್ತಿದ್ದಳು. ನನ್ನ ಕಿವಿ ಬಿಸಿಯಾಯಿತು.

ಬಾಯಿಬಿಟ್ಟು ಹೇಳುವುದಕ್ಕೇನು ರೋಗ ಎಂದು ಕೂಗಾಡಿದೆ. ಮುಷ್ಟಿ ಮೇಜಿನ ಮೇಲೆ ಬಿತ್ತು. ಇಬ್ಬರೂ ಒಟ್ಟಿಗೆ ಹಿಂದೆ ಸರಿದರು.

"ಹೋದ ಸಲ ಹೇಳಿದ್ದಕ್ಕೆ ಕುರ್ಚಿ ಮುರಿದ್ಯಲ್ಲೋ," ತೆಸ್ಸಾ ಮೆಲ್ಲಗೆ ಅಂದಳು. "ನಿಂಗೆ ಹೇಳೋಕೆ ನಂಗೆ ಭಯ ಆಗತ್ತೆ."

ಭಯ. ಚಿಕ್ಕಂದಿನಿಂದ ಜೊತೆಗೆ ಆಡಿದ ಹುಡುಗಿ. ನನ್ನ ಮುಷ್ಟಿ ಇನ್ನೂ ಮೇಜಿನ ಮೇಲೇ ಇತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಅಮ್ಮ ಕೆಲಸ ಮುಗಿಸಿ ಬಂದಳು. ಕೋಟು ಕೂಡ ತೆಗೆಯದೆ, ಮೊದಲು ಹಾಡು ಹಾಕಿ ಎಂದಳು. ಕೋಲ್ಟನ್ ನನ್ನ ಮುಖ ನೋಡಿದ. ನಾನೇ ಕೊನೆಯದನ್ನು ಹಾಕಿದೆ. ಅಮ್ಮ ಕಣ್ಣು ಮುಚ್ಚಿ, ತಲೆ ಓರೆಮಾಡಿ, ಸ್ಪೀಕರಿನ ಹತ್ತಿರ ಹತ್ತಿರಕ್ಕೆ ಬಾಗಿದಳು.

"ನಿಂದೆಲ್ಲೋ ಮಗಾ?"

"ನಾನು ನುಡಿಸ್ಲಿಲ್ಲಮ್ಮ. ರೆಕಾರ್ಡ್ ಮಾಡಿದ್ದು ನಾನು."

ಇಬ್ಬರಲ್ಲಿ ಒಬ್ಬರಾದರೂ ಹಾಗಲ್ಲ ಎನ್ನಲಿ ಎಂದು ಕಾದೆ. ತೆಸ್ಸಾ ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದಳು. ಅಮ್ಮ ನನ್ನ ಬೆನ್ನು ತಟ್ಟಿದಳು.

"ಅದೂ ಒಂದು ಕೆಲಸವೇ ಕಣೋ. ಎಷ್ಟು ಚೆನ್ನಾಗಿ ಬಂದಿದೆ, ಇರೋರೆಲ್ಲ ಬಿಡಿಬಿಡಿಯಾಗಿ ಕೇಳಿಸ್ತಾರೆ. ಭಾನುವಾರ ಇದನ್ನೇ ಹಾಕ್ತೀನಿ, ನನ್ನ ಮಗ ಮಾಡಿದ್ದು ಅಂತ."