ಗೋಡೆಯ ಕ್ಯಾನ್ಸರ್

ಅಮ್ಮನ ಕೋಣೆಯ ಗೋಡೆ ಮತ್ತೆ ಉಬ್ಬಿತ್ತು. ಬೆಳಗ್ಗೆ ಎದ್ದರೆ ಅವಳ ದಿಂಬಿನ ಮೇಲೆ ಬಿಳಿ ಹಿಟ್ಟು. ಅದನ್ನು ಕೊಡವಿ, ಕೆಮ್ಮುತ್ತಲೇ ಮೀನುಂಡೆ ಮಾರಲು ಹೋಗುತ್ತಿದ್ದಳು. ತೇವಕ್ಕೆ ಗೋಡೆ ಹೀಗೆ ಉಬ್ಬಿ ಉದುರುವುದಕ್ಕೆ ನಾವು ಗೋಡೆಯ ಕ್ಯಾನ್ಸರ್ ಎನ್ನುತ್ತೇವೆ. ಸದಾ ಮಳೆ ಸುರಿಯುವ ನಮ್ಮ ಕೀಲುಂಗ್ ಬಂದರಿನಲ್ಲಿ ಅದಿಲ್ಲದ ಮನೆ ಕಡಿಮೆ.

ಹೊಸ ವರ್ಷದ ಹಬ್ಬಕ್ಕೆ ಹನ್ನೆರಡು ದಿನವಿತ್ತು. ದೊಡ್ಡಪ್ಪ ಎಂದಿನಂತೆ ಪೇಂಟ್ ಡಬ್ಬಿ, ರೋಲರ್ ಹಿಡಿದು ಬಂದರು. ಮೂವತ್ತು ವರ್ಷ ಅದೇ ಕಸುಬು ಮಾಡಿದವರು. ಪ್ರತಿ ವರ್ಷ ಅವರು ಬಳಿಯುತ್ತಾರೆ. ಎರಡು ತಿಂಗಳು ಕಳೆದು ಹಿರಿಯರ ಗೋರಿ ಗುಡಿಸುವ ಹಬ್ಬದ ಹೊತ್ತಿಗೆ ಗೋಡೆ ಸಿಪ್ಪೆ ಬಿಡುತ್ತದೆ.

“ಈ ಸಲ ಗುಲಾಬಿ. ಮಂಚ ಸರಿಸು, ಪೇಯುನ್.”

ನಾನು ಸರಿಸಲಿಲ್ಲ. “ಇಟ್ಟಿಗೆ ಕಾಣೋವರೆಗೂ ಕೆರೆದು ಒಣಗಿಸೋಣ, ದೊಡ್ಡಪ್ಪ. ಆಮೇಲೆ ಸುಣ್ಣ. ರೋಲರ್ ಬೇಡ, ಅಗಲ ಬ್ರಷ್‌ನಲ್ಲಿ ತೆಳ್ಳಗೆ ಮೂರು ಸಲ. ತೇವ ಹೊರಬಂದು ಗೋಡೆಗೆ ಉಸಿರಾಡೋಕಾಗುತ್ತೆ.”

“ಸುಣ್ಣಾನಾ? ಅದು ಹಂದಿಗೂಡಿಗೆ ಹೊಡೆಯೋದು ಕಣೇ!” ಎಂದು ನಕ್ಕು, ಬಾಗಿಲಲ್ಲಿದ್ದ ಅಮ್ಮನ ಕಡೆ ತಿರುಗಿದರು. “ನೋಡಮ್ಮ, ಹೈಸ್ಕೂಲೂ ಮುಗಿಸದೋಳು ಗೋಡೆಗೆ ಡಾಕ್ಟರ್ ಆಗಿಬಿಟ್ಳು.”

ಅಮ್ಮ ತಲೆ ಎತ್ತಲಿಲ್ಲ. ಇಂಥ ಹೊತ್ತಲ್ಲಿ ನಾನು ಅಡುಗೆಮನೆಗೆ ಹೋಗಿಬಿಡುವವಳು; ಅಂದು ಹೋಗಲಿಲ್ಲ.

“ಕ್ಯಾನ್ಸರ್ ಅಂತ ನೀವೇ ಕರೀತೀರಿ,” ಎಂದೆ. “ಮತ್ತೆ ವರ್ಷವರ್ಷಾನೂ ಅದಕ್ಕೆ ಪೌಡರ್ ಯಾಕೆ ಬಳೀತೀರಿ?”

ಅದ್ದಿದ ರೋಲರನ್ನು ದೊಡ್ಡಪ್ಪ ಡಬ್ಬಿಯ ಮೇಲಿಟ್ಟರು.

“ಹಬ್ಬಕ್ಕೆ ಬಂದೋರು ಬೋಳು ಇಟ್ಟಿಗೆ ನೋಡ್ಬೇಕಾ? ತಮ್ಮ ಸತ್ತ ಮೇಲೆ ಅವನ ಮನೆ ಕಡೆ ತಿರುಗಿ ನೋಡ್ಲಿಲ್ಲ ಅಂತ ನನ್ನನ್ನ ಅಂತಾರೆ!”

“ಅನ್ನಲಿ. ಅವರು ಅರ್ಧ ಗಂಟೆ ಕೂತು ಹೋಗ್ತಾರೆ. ಇಲ್ಲಿ ಮಲಗೋದು ಅಮ್ಮ.”

ಅವರ ಚೀಲದಿಂದಲೇ ಕೆರೆಯುವ ತಗಡು ತೆಗೆದು ಗೋಡೆಗೆ ಹಾಕಿ ಎಳೆದೆ. ಕೆನೆಬಣ್ಣ, ತಿಳಿಹಸಿರು, ನೀಲಿ, ದೊಡ್ಡಪ್ಪನ ಅಷ್ಟೂ ಹೊಸ ವರ್ಷಗಳು ಹಪ್ಪಳದಂತೆ ಮುರಿದು ಬಿದ್ದವು. ಒಳಗೆ ಒದ್ದೆ ಇಟ್ಟಿಗೆ.

“ಇದರಲ್ಲಿ ನನ್ನ ಕೈ ಇಲ್ಲ ಅಂತ ಎಲ್ಲರಿಗೂ ಹೇಳು!” ಡಬ್ಬಿ ಮುಚ್ಚಿ ಹೊರಟುಹೋದರು.

ಹಬ್ಬದ ಎರಡನೇ ದಿನ ತವರಿಗೆಂದು ಬಂದ ಸೋದರತ್ತೆ ಕಲ್ಲಂಗಡಿ ಬೀಜ ಕಡಿಯುತ್ತ ಕೋಣೆಯೊಳಗಿನ ಬೋಳು ಇಟ್ಟಿಗೆಯತ್ತ ಇಣುಕಿದರು.

“ಅಯ್ಯೋ, ಇದೇನು ಕೋಳಿಗೂಡು! ಅಣ್ಣ ಬಣ್ಣ ಹಚ್ಚೋಕೆ ಬರ್ಲಿಲ್ವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬಂದು ಬಾಗಿಲನ್ನು ಪೂರ್ತಿ ತೆರೆದಳು.

“ಬಂದಿದ್ರು. ನಾವೇ ಬೇಡ ಅಂದ್ವಿ. ಒರಗಬೇಡಿ, ಇನ್ನೂ ಒಣಗ್ತಿದೆ.”