ಹನ್ನೆರಡಕ್ಕೆ ಹತ್ತು ನಿಮಿಷ

ಟಕ್ ಎಂದು ಸಣ್ಣದೊಂದು ಸದ್ದಾಯಿತು. ಶಾಸಕಿ ಆರ್ಲಿಸ್ ಬ್ರೂನಿಂಗ್ ತಲೆ ಎತ್ತಲಿಲ್ಲ. ಸಭಾಂಗಣದ ಬಾಗಿಲು ಕಾಯುವ ರೂಬೆನ್ ಉದ್ದನೆಯ ಕೋಲಿನಿಂದ ಗೋಡೆ ಗಡಿಯಾರದ ಲೋಲಕವನ್ನು ತಡೆದಿದ್ದ. ಇವತ್ತಿನ ನಡುರಾತ್ರಿಗೆ ಅಧಿವೇಶನ ಮುಗಿಯಲೇಬೇಕೆಂಬುದು ಕಾನೂನು. ಕೆಲಸ ಮುಗಿಯದೆ ನಡುರಾತ್ರಿಯಾಗಕೂಡದೆಂಬುದು ಈ ರಾಜ್ಯದ ಶಾಸಕರ ವಾಡಿಕೆ. ಇನ್ನು ಬೆಳಗಾದರೂ ಕಡತದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವೇ.

ಆಗ ಅವಳಿಗೆ ಸಮಾಧಾನವಾಗಿತ್ತು. ಅವಳ ಮಸೂದೆ ಇನ್ನೂ ಸರದಿಯಲ್ಲಿತ್ತು. ಊರಿನ ಹದಿನೆಂಟು ಹಾಸಿಗೆಯ ಆಸ್ಪತ್ರೆ ಮುಚ್ಚದಂತೆ ತಡೆಯುವ ಮಸೂದೆ. ಮುಚ್ಚಿದರೆ ಹೆರಿಗೆ ನೋವು ಬಂದವಳು ಹಿಮದಲ್ಲಿ ಅರವತ್ತು ಮೈಲಿ ಹೋಗಬೇಕು. ನವೆಂಬರಿನ ಚುನಾವಣೆಯಲ್ಲಿ ಆರ್ಲಿಸ್ ಕೂಡ ಮನೆಗೆ ಹೋಗಬೇಕು. ಮೇಷ್ಟ್ರ ಕೆಲಸ ಬಿಟ್ಟು ಬಂದು ಹನ್ನೆರಡು ವರ್ಷದಲ್ಲಿ ಗಳಿಸಿದ್ದೆಲ್ಲ ಆ ಒಂದು ಮತದಾನದ ಮೇಲೆ ನಿಂತಿತ್ತು.

ಪಕ್ಕದ ಕುರ್ಚಿ ವೆಂಡಲ್ ಟಾಫ್ಟ್‌ನದು. ಎದುರು ಪಕ್ಷದ ಮುದುಕ, ಆದರೆ ನೆರೆಯ ಜಿಲ್ಲೆಯವನು. ಗಡಿಯಾರ ನಿಂತ ಕೂಡಲೇ ಅವನು ಎದೆ ನೀವಿಕೊಳ್ಳುತ್ತಾ ಎದ್ದ.

"ಟೀಚರಮ್ಮ, ಕೋಟು ಕಳಚಿಡೋ ಕೋಣೇಲಿ ಸ್ವಲ್ಪ ಅಡ್ಡಾಗ್ತೀನಿ. ನಿನ್ನ ಆಸ್ಪತ್ರೆ ಬಂದಾಗ ನಂದೂ ಹಸಿರು ಒತ್ತಿಬಿಡು."

"ನಿಮ್ಮ ನಾಯಕರು ಸುಮ್ನೆ ಬಿಡ್ತಾರಾ?"

"ಸ್ಟ್ರೌಡ್‌ಗೆ ನಾನು ಹೆದರೋದಾ? ಅವನು ಚಡ್ಡಿ ಒದ್ದೆ ಮಾಡ್ಕೊಳ್ತಿದ್ದಾಗಿಂದ ನೋಡಿದೀನಿ ಕಣಮ್ಮ."

ಹೊರಗೆ ಹೋದವರ ಮತದ ಗುಂಡಿಯನ್ನು ಪಕ್ಕದವರು ಒತ್ತುವುದು ನಿಯಮದಲ್ಲಿ ಅಪರಾಧ, ಅಭ್ಯಾಸದಲ್ಲಿ ಸ್ನೇಹ. ಅವಳೂ ನೂರು ಸಲ ಒತ್ತಿದ್ದಳು. ಮಸೂದೆ ಬಂದಾಗ ಅವಳ ಕೈಗಡಿಯಾರದಲ್ಲಿ ಒಂದೂ ಇಪ್ಪತ್ತು. ಮಸೂದೆಯ ಪರವಾಗಿ ಪೆನ್ಸಿಲಿನ ತುದಿಯಿಂದ ವೆಂಡಲ್‌ನ ಹಸಿರು ಗುಂಡಿ ಒತ್ತಿದಳು. ಮೂವತ್ತಾರಕ್ಕೆ ಮೂವತ್ತೈದು. ಗೆದ್ದಿತ್ತು.

ಒಂದು ಲೋಟ ಕಾಫಿ ಹಿಡಿದು ಸುದ್ದಿ ಹೇಳಲು ಓಡಿದಳು. ವೆಂಡಲ್ ಸೋಫಾದ ಮೇಲೆ ಮಲಗಿದ್ದ. ಯಾರೋ ಅವನ ಕೋಟನ್ನು ಗಲ್ಲದವರೆಗೆ ಹೊದಿಸಿದ್ದರು.

"ಏಳಿ, ಗೆದ್ವಿ."

ಕೈ ಮುಟ್ಟಿದಳು. ಬೆಂಕಿ ಕಾಣದ ಒಲೆಯ ಹಾಗಿತ್ತು. ಕಾಫಿ ಅವಳ ಮಣಿಕಟ್ಟಿನ ಮೇಲೆ ತುಳುಕಿತು, ಸುಟ್ಟದ್ದು ತಿಳಿಯಲಿಲ್ಲ.

ಹಿಂದಿನಿಂದ ರೂಬೆನ್ ಮೆಲ್ಲಗೆ ಹೇಳಿದ. "ಹನ್ನೆರಡೂವರೆಗೆ ನಾನೇ ಹೊದಿಸ್ದೆ, ಮೇಡಂ. ಗೊರಕೆ ಇರ್ಲಿಲ್ಲ. ಇವರಿಗೆ ಗೊರಕೆ ಇಲ್ಲದ ನಿದ್ದೆ ಎಲ್ಲಿ ಅಂತ ಆಗ ಹೊಳೀಲಿಲ್ಲ ನೋಡಿ."

ಹನ್ನೆರಡೂವರೆ. ಒಂದೂ ಇಪ್ಪತ್ತು. ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು, ಮತ್ತೊಮ್ಮೆ ಕಳೆದಳು. ಸತ್ತವನ ಮತವನ್ನು ತೆಗೆದರೆ ಸಮಸಮ. ಸಮವಾದರೆ ಮಸೂದೆ ಬಿದ್ದಂತೆ.

ಆಗಲೇ ಕಾರಿಡಾರಿನಲ್ಲಿ ಬೂಟಿನ ಸದ್ದು. ಕಾರ್ಲ್ಟನ್ ಸ್ಟ್ರೌಡ್. ನಡಿಗೆಯಲ್ಲೇ ಸಿಟ್ಟಿತ್ತು. ಅಧಿವೇಶನ ಮುಗಿಯಿತೆಂದು ಸಭಾಧ್ಯಕ್ಷರು ಸುತ್ತಿಗೆ ಬಡಿಯುವವರೆಗೆ ಯಾವ ಸದಸ್ಯನಾದರೂ ಮತ ಹಾಕಿದವರ ತಲೆ ಎಣಿಕೆ ಕೇಳಬಹುದಿತ್ತು. ಆಮೇಲೆ ಯಾರ ಅಪ್ಪನೂ ಕೇಳುವಂತಿಲ್ಲ.

ಆರ್ಲಿಸ್ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿ ಆ ಮುದಿ ಗೂಬೆ?" ಎಂದ ಸ್ಟ್ರೌಡ್. "ಬಂದು ನನ್ನ ಮುಖ ನೋಡ್ಕೊಂಡು ಹಸಿರು ಅನ್ನಲಿ. ಇಲ್ಲಾಂದ್ರೆ ತಲೆ ಎಣಿಸಿ ಅಂತೀನಿ."

"ಮಲಗಿದಾರೆ."

"ಎಬ್ಬಿಸು."

"ಎದೆನೋವು ಅಂತ ಮಲಗಿದಾರೆ, ಕಾರ್ಲ್ಟನ್. ಎಬ್ಬಿಸಿ ಏನಾದ್ರೂ ಆದ್ರೆ ಅವರ ಹೆಂಡತಿಗೆ ನೀವೇ ಫೋನ್ ಮಾಡಿ."

ತನ್ನ ದನಿ ಇಷ್ಟು ಸರಾಗವಾಗಿ ಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು. ಸ್ಟ್ರೌಡ್ ಅವಳ ಹೆಗಲ ಮೇಲಿಂದ ಇಣುಕಿದ. ಕೋಟು, ಬಿಳಿ ಕೂದಲು, ಸೋಫಾದಾಚೆ ಚಾಚಿದ ಸಾಕ್ಸು. ರೂಬೆನ್ ಬಗ್ಗಿ ಕೋಟನ್ನು ಸರಿಪಡಿಸಿದ, ಮಗುವಿಗೆ ಹೊದಿಸಿದ ಹಾಗೆ. "ಈಗಷ್ಟೇ ಕಣ್ಣು ಹತ್ತಿದೆ, ಸಾರ್."

ಸ್ಟ್ರೌಡ್ ಬಾಯಿ ತೆರೆದ. ಸಭಾಂಗಣದೊಳಗೆ ಕೊನೆಯ ಸುತ್ತಿಗೆಯ ಏಟು ಬಿತ್ತು.

"ಹಾಳಾಗ್ಹೋಗ್ಲಿ," ಎಂದು ಅವನು ಹೊರಟುಹೋದ.

ಹತ್ತು ನಿಮಿಷದ ನಂತರ ರೂಬೆನ್ ಡಾಕ್ಟರನ್ನು ಕರೆಯಲು ಫೋನಿನತ್ತ ನಡೆದ. ಬಾಗಿಲಲ್ಲಿ ನಿಂತು ಕೇಳಿದ. "ಮತ ಹಾಕಿದಾಗ ಎಷ್ಟು ಗಂಟೆ ಅಂತ ಕಡತದಲ್ಲಿ ಬರ್ಕೊಂಡಿದಾರೆ, ಮೇಡಂ?"

"ಹನ್ನೆರಡಕ್ಕೆ ಹತ್ತು ನಿಮಿಷ."

"ಹಾಗಾದ್ರೆ ಆಗ ಬದುಕಿದ್ರು ಬಿಡಿ. ನಾನು ಹೊದಿಸಿದ್ದು ಆಮೇಲೆ ತಾನೆ."

ಹನ್ನೆರಡು ವರ್ಷದಲ್ಲಿ ಅವನು ತನಗೆಂದು ಅವಳ ಬಳಿ ಏನೂ ಬೇಡಿರಲಿಲ್ಲ. ಈಗಲೂ ಬೇಡಲಿಲ್ಲ, ಒಂದು ಗಳಿಗೆ ಅವಳನ್ನು ನೋಡಿದ. ಅವನ ಆ ನೋಟವನ್ನು ಮುಂದಿನ ಪ್ರತಿ ಅಧಿವೇಶನದಲ್ಲೂ ಬಾಗಿಲು ದಾಟುವಾಗ ದಾಟಬೇಕಾಗುತ್ತದೆಂದು ಅವಳಿಗೆ ಗೊತ್ತಾಯಿತು.

ಖಾಲಿ ಸಭಾಂಗಣದಲ್ಲಿ ಅವನು ಹೋಗುತ್ತಾ ಕೋಲಿನಿಂದ ಲೋಲಕವನ್ನು ತಳ್ಳಿದ್ದು ಕೇಳಿಸಿತು. ಟಕ್. ಟಕ್. ನಿಂತಿದ್ದ ಹೊತ್ತು ಹೊರಟಿತು. ಆರ್ಲಿಸ್ ಸೋಫಾದ ಪಕ್ಕ ಕುಳಿತು ವೆಂಡಲ್‌ನ ಸಾಕ್ಸನ್ನು ಮೇಲಕ್ಕೆಳೆದಳು. ಮನೆಯಲ್ಲಿ ಗಂಡ ಲೈಲ್ ಎಚ್ಚರವಿದ್ದು ಏನಾಯಿತೆಂದು ಕೇಳುತ್ತಾನೆ. ಗೆದ್ದೆವು ಎನ್ನುತ್ತಾಳೆ. ಅಷ್ಟೇ. ಹೇಗೆ ಗೆದ್ದದ್ದೆಂದು ಅವನಿಗೂ ಹೇಳುವುದಿಲ್ಲ, ಪಾದ್ರಿಗೂ ಇಲ್ಲ, ಯಾರಿಗೂ ಇಲ್ಲ.